ನಾಲ್ಕು ಜನ, ಒಂದು ವೆಬ್ ಆ್ಯಪ್: ಯಾವುದನ್ನು ಆರಿಸೋದು, ಯಾವುದನ್ನು ಬಿಡೋದು?

ವೈರಮುಡಿ ರಾತ್ರಿ ಮೇಲುಕೋಟೆಯಲ್ಲಿ ಇರುವವರಿಗೆ ಫೋನ್ ಮಾಡಿ ನೋಡಿ. ಸಿಗುವುದೇ ಇಲ್ಲ. ಅಷ್ಟು ಜನ ಒಂದೇ ಬೆಟ್ಟದ ಮೇಲೆ ಸೇರಿದರೆ ಟವರ್ ತಾನೇ ಏನು ಮಾಡೀತು?

ನಮಗೆ ಇದು ಗೊತ್ತಾದದ್ದು ಸಂಜೆ ಏಳೂವರೆಗೆ. ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ನಾವು ಲೆಕ್ಕದ ವೆಬ್ ಆ್ಯಪ್ ಮಾಡಿಕೊಟ್ಟಿದ್ದೆವು. ಯಾವ ರೈತರು ಎಷ್ಟು ಟನ್ ಕಬ್ಬು ತಂದರು, ಮುಂಗಡ ಎಷ್ಟು ಹೋಗಿದೆ, ಅಚ್ಚು ಬೆಲ್ಲ ಎಷ್ಟಾಯಿತು, ಬಕೆಟ್ ಬೆಲ್ಲ ಎಷ್ಟಾಯಿತು, ಕೂಲಿ ಎಷ್ಟು. ಇಷ್ಟೇ. ಅವತ್ತು ಮಧ್ಯಾಹ್ನ ಹಾಕಿದ ಒಂದು ಬದಲಾವಣೆಯಿಂದ ಮುಂಗಡ ಎರಡೆರಡು ಸಲ ಕಳೆಯುತ್ತಿತ್ತು. ತಪ್ಪು ಹತ್ತೇ ನಿಮಿಷದಲ್ಲಿ ಸಿಕ್ಕಿತು, ಸರಿಯನ್ನೂ ಮಾಡಿದೆವು. ಆದರೆ ಕೋಡನ್ನು ಸರ್ವರ್‌ಗೆ ಹಾಕಲು ಬೇಕಾದ ಕೀ, ಅಂದರೆ ಗುಟ್ಟಿನ ಫೈಲ್, ಇದ್ದದ್ದು ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಅವನ ಊರು ಮೇಲುಕೋಟೆ. ಲ್ಯಾಪ್‌ಟಾಪ್ ಮನೆಯಲ್ಲಿ, ಅವನು ಉತ್ಸವದಲ್ಲಿ. ಬೆಳಗಿನ ತನಕ ನಾವು ಮೂವರು ಸರಿ ಮಾಡಿದ ಕೋಡನ್ನು ಮುಂದಿಟ್ಟುಕೊಂಡು ಸುಮ್ನೆ ಕೂತಿದ್ದೆವು.

ಅವತ್ತಿನಿಂದ ಯಾವುದೇ ಟೂಲ್ ಆರಿಸುವಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದು ಗೊತ್ತಿರುವವನು ಊರಿಗೆ ಹೋದ ದಿನ, ಉಳಿದವರಿಗೆ ಇದು ಕೈಗೆ ಬರುತ್ತಾ? ವೇಗ, ಹೊಸತನ, ಯಾರು ಹೊಗಳಿದರು ಅನ್ನುವುದೆಲ್ಲ ಆಮೇಲೆ. ಮುಂದಿನ ಹೋಲಿಕೆಯೆಲ್ಲ ಇದೇ ತಕ್ಕಡಿಯಲ್ಲಿ ತೂಗಿದ್ದು. ನಾವು ನಾಲ್ಕು ಜನ. ಇಬ್ಬರು ಮೈಸೂರು, ಒಬ್ಬಳು ಮಂಡ್ಯ, ಮೇಲುಕೋಟೆಯವನು ವಾರವಿಡೀ ಬೆಂಗಳೂರು. ನಿಮ್ಮದು ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟ್ ಆಗಿರಬಹುದು, ಅಥವಾ ಕೆಲಸದ ಜೊತೆ ಸಂಜೆ ಹೊತ್ತು ಮಾಡುವ ಪ್ರಾಜೆಕ್ಟ್ ಆಗಿರಬಹುದು. ಎಂಟು ಜನರೊಳಗಿನ ತಂಡವಾದರೆ ಇದು ಸರಿಹೊಂದುತ್ತದೆ.

ಕೋಡ್ ಎಲ್ಲಿಡೋದು?

ಮೊದಲು ಒಂದು ದಾರಿಯನ್ನು ಪಕ್ಕಕ್ಕಿಡೋಣ. ಜಿಪ್ ಮಾಡಿ ಡ್ರೈವ್‌ಗೆ ಹಾಕುವುದು, "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಹೆಸರಿಡುವುದು. ಇಬ್ಬರು ಒಂದೇ ಫೈಲ್ ಮುಟ್ಟಿದ ದಿನ ಇದು ಮುಗಿಯಿತು. ಯಾರ ಕೆಲಸ ಯಾರದ್ದರ ಮೇಲೆ ಕೂತಿತು ಅಂತ ಹೇಳುವುದಕ್ಕೂ ಆಗುವುದಿಲ್ಲ. ಯಾರು ಯಾವಾಗ ಏನು ಬದಲಿಸಿದರು ಅಂತ ನೆನಪಿಡುವ ಗಿಟ್ ಇರುವುದೇ ಈ ತಲೆನೋವಿಗೆ. 2005ರಲ್ಲಿ ಲಿನಕ್ಸ್ ಕರ್ನಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಅವರಿಗೆ ಪುಕ್ಕಟೆ ಸಿಗುವುದು ನಿಂತಾಗ ಲಿನಕ್ಸ್ ಹುಟ್ಟಿಸಿದ ಲೀನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಎಲ್ಲರ ಕಂಪ್ಯೂಟರ್‌ನಲ್ಲೂ ಪೂರ್ತಿ ಇತಿಹಾಸ ಇರುತ್ತದೆ ಅನ್ನುವುದೇ ಅದರ ದೊಡ್ಡ ಗುಣ. ಒಬ್ಬರ ಲ್ಯಾಪ್‌ಟಾಪ್ ಕೆಟ್ಟರೂ ಉಳಿದ ಮೂರರಲ್ಲಿ ಕೋಡ್ ಇದ್ದೇ ಇರುತ್ತದೆ.

ಈ ಕೋಡನ್ನು ತಂಡದ ಎಲ್ಲರಿಗೂ ಸಿಗುವ ಒಂದು ಕಡೆ ಇಡಬೇಕು. ಹಾಗಾದರೆ ಗಿಟ್‌ಹಬ್ಬಾ, ಗಿಟ್‌ಲ್ಯಾಬಾ, ಇಲ್ಲ ನಮ್ಮದೇ ಸರ್ವರ್‌ನಲ್ಲಿ ಗಿಟಿಯಾ?

ಗಿಟ್‌ಹಬ್‌ನ ಪರವಾಗಿ ಒಂದೇ ಮಾತು ಸಾಕು. ಹೊಸದಾಗಿ ಸೇರುವವರಿಗೆ ಅದು ಆಗಲೇ ಗೊತ್ತಿರುತ್ತದೆ. 2020ರಿಂದ ಪುಕ್ಕಟೆ ಖಾತೆಯಲ್ಲೂ ಖಾಸಗಿ ರೆಪೋಗೆ (ಒಂದು ಪ್ರಾಜೆಕ್ಟಿನ ಕೋಡ್ ಇರುವ ಜಾಗ) ಎಷ್ಟು ಜನರನ್ನಾದರೂ ಸೇರಿಸಬಹುದು. ಖಾಸಗಿ ರೆಪೋಗಳಿಗೆ ತಿಂಗಳಿಗೆ 2000 ನಿಮಿಷ ಆ್ಯಕ್ಷನ್ಸ್ ಪುಕ್ಕಟೆ. ಟೆಸ್ಟ್ ಓಡಿಸುವುದು, ಸರ್ವರ್‌ಗೆ ಹಾಕುವುದು ಎಲ್ಲ ಅದರಲ್ಲೇ ಆಗುತ್ತದೆ. ನಾಲ್ಕು ಜನಕ್ಕೆ ಅಷ್ಟು ಧಾರಾಳ.

ಆದರೆ ಒಂದು ಕೊಕ್ಕೆ ಇದೆ. ಕೆಲಸ ಮಾಡುವುದಕ್ಕೆ ಕೋಡಿನಿಂದ ತೆಗೆದ ಕವಲಿಗೆ ಬ್ರಾಂಚ್ ಅನ್ನುತ್ತಾರೆ, ಎಲ್ಲ ಕೊನೆಗೆ ಸೇರುವುದು ಮೇನ್‌ಗೆ, ನಮ್ಮ ಬದಲಾವಣೆಯನ್ನು ಅಲ್ಲಿಗೆ ಕಳಿಸುವುದು ಪುಶ್. "ಮೇನ್ ಬ್ರಾಂಚಿಗೆ ಯಾರೂ ನೇರ ಪುಶ್ ಮಾಡಬಾರದು, ಇನ್ನೊಬ್ಬರು ನೋಡಿ ಒಪ್ಪಬೇಕು" ಅನ್ನುವ ಬೀಗ ಪುಕ್ಕಟೆ ಖಾತೆಯ ಖಾಸಗಿ ರೆಪೋದಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲರಿಗೂ ತೆರೆದಿಟ್ಟ ರೆಪೋ ಆದರೆ ಸಿಗುತ್ತದೆ. ಇಲ್ಲದಿದ್ದರೆ ದುಡ್ಡು ಕೊಡುವ ಪ್ಲಾನ್ ಬೇಕು. ವಿದ್ಯಾರ್ಥಿಗಳಿಗೆ ಒಂದು ದಾರಿ ಇದೆ. ಸ್ಟೂಡೆಂಟ್ ಡೆವಲಪರ್ ಪ್ಯಾಕ್‌ಗೆ ಕಾಲೇಜಿನ ಗುರುತು ತೋರಿಸಿ ಅರ್ಜಿ ಹಾಕಿದರೆ ಪ್ರೊ ಖಾತೆ ಸಿಗುತ್ತದೆ, ಆ ಖಾತೆಯ ಹೆಸರಿನಲ್ಲಿರುವ ರೆಪೋಗೆ ಬೀಗ ಹಾಕಬಹುದು. ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಇದನ್ನು ಹೇಳಿದಾಗಲೆಲ್ಲ ಅರ್ಧ ಜನಕ್ಕೆ ಇದು ಹೊಸ ಸುದ್ದಿ.

ಗಿಟ್‌ಲ್ಯಾಬ್‌ನಲ್ಲಿ ಕೆಲಸದ ಪಟ್ಟಿ, ಟೆಸ್ಟ್, ಡಿಪ್ಲಾಯ್ ಎಲ್ಲ ಒಂದೇ ಕಡೆ ಅಚ್ಚುಕಟ್ಟಾಗಿ ಹೆಣೆದಿದೆ, ಅದನ್ನು ಒಪ್ಪಬೇಕು. ಆದರೆ ಅವರ ಪುಕ್ಕಟೆ ಪ್ಲಾನಿನಲ್ಲಿ ಖಾಸಗಿ ಗುಂಪಿಗೆ ಐದೇ ಜನ, ತಿಂಗಳಿಗೆ 400 ನಿಮಿಷ. ಆರನೆಯವರು ಬಂದ ದಿನ ಕಿರಿಕಿರಿ ಶುರು. ಗಿಟ್‌ಲ್ಯಾಬನ್ನು ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು ಅಂತ ಕೆಲವರು ಹೇಳುತ್ತಾರೆ. ಹಾಕಿಕೊಳ್ಳಬಹುದು, ಆದರೆ ಅದು ಹೊಟ್ಟೆಬಾಕ. ಸಣ್ಣ ಸರ್ವರ್‌ನ ಮೆಮೊರಿ ಅದಕ್ಕೆ ಸಾಲುವುದಿಲ್ಲ. ಗಿಟಿ ಹಗುರ, ಸಣ್ಣ ಯಂತ್ರದಲ್ಲೂ ಓಡುತ್ತದೆ. ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಅದನ್ನು ಅಪ್‌ಡೇಟ್ ಮಾಡುವವನು ಊರಿಗೆ ಹೋದರೆ?

ನಮ್ಮ ಆಯ್ಕೆ ಗಿಟ್‌ಹಬ್. ಬೀಗ ಇಲ್ಲದ ಕಾರಣ ಒಂದು ಮಾತಿಗೆ ಕಟ್ಟುಬಿದ್ದಿದ್ದೇವೆ. ಮೇನ್‌ಗೆ ನೇರ ಪುಶ್ ಮಾಡಿದವರು ಮುಂದಿನ ಸಲ ಸೇರಿದಾಗ ಎಲ್ಲರಿಗೂ ಮದ್ದೂರು ವಡೆ ಕೊಡಿಸಬೇಕು. ಇದುವರೆಗೆ ನಾನೇ ಎರಡು ಸಲ ಕೊಡಿಸಿದ್ದೇನೆ.

ಎಷ್ಟು ಬ್ರಾಂಚ್ ಬೇಕು?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ತಂಡಗಳು ಜಗಳ ಆಡುವುದು ಇಲ್ಲೇ.

ಒಂದು ಪದ್ಧತಿ ಗಿಟ್ ಫ್ಲೋ. ಮೇನ್ ಬೇರೆ, ಡೆವಲಪ್ ಬೇರೆ, ಪ್ರತಿ ಕೆಲಸಕ್ಕೆ ಒಂದು ಫೀಚರ್ ಬ್ರಾಂಚ್, ಬಿಡುಗಡೆಗೆ ಒಂದು ರಿಲೀಸ್ ಬ್ರಾಂಚ್, ತುರ್ತಿಗೆ ಹಾಟ್‌ಫಿಕ್ಸ್. 2010ರಲ್ಲಿ ವಿನ್ಸೆಂಟ್ ಡ್ರೀಸೆನ್ ಇದನ್ನು ಚಿತ್ರ ಬರೆದು ವಿವರಿಸಿದರು. ಆ ಚಿತ್ರ ಎಷ್ಟು ಹೆಸರಾಯಿತೆಂದರೆ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಅದು ಈಗಲೂ ಕಾಣಿಸುತ್ತದೆ. ಹತ್ತು ವರ್ಷದ ನಂತರ, 2020ರಲ್ಲಿ, ಅವರೇ ಅದೇ ಬರಹದ ಮೇಲೆ ಒಂದು ಟಿಪ್ಪಣಿ ಸೇರಿಸಿದರು. ದಿನದಿನವೂ ಹೊಸದು ಹಾಕುತ್ತಲೇ ಇರುವ ವೆಬ್ ಆ್ಯಪ್‌ಗೆ ಇದಕ್ಕಿಂತ ಸರಳವಾದ ಪದ್ಧತಿ ಒಳ್ಳೆಯದು ಅನ್ನುವುದು ಅದರ ತಿರುಳು. ಚಿತ್ರವನ್ನು ಎಲ್ಲರೂ ತೆಗೆದುಕೊಂಡರು, ಟಿಪ್ಪಣಿಯನ್ನು ಓದಿದವರು ಕಡಿಮೆ.

ಇನ್ನೊಂದು ಪದ್ಧತಿಯಲ್ಲಿ ಮೇನ್ ಒಂದೇ. ಸಣ್ಣ ಬ್ರಾಂಚ್ ತೆಗೆಯಿರಿ, ಒಂದೆರಡು ದಿನದಲ್ಲಿ ಪುಲ್ ರಿಕ್ವೆಸ್ಟ್ ಹಾಕಿ, ಅಂದರೆ ಮೇನ್‌ಗೆ ಸೇರಿಸಿಕೊಳ್ಳಿ ಅಂತ ಕೇಳಿ, ಒಬ್ಬರು ನೋಡಲಿ, ಸೇರಿಸಿ, ಬ್ರಾಂಚ್ ಅಳಿಸಿ. ಮೇನ್‌ನಲ್ಲಿ ಇರುವುದೇ ಸರ್ವರ್‌ನಲ್ಲೂ ಇರುತ್ತದೆ.

ಸಣ್ಣ ತಂಡಕ್ಕೆ ಎರಡನೆಯದೇ ಸರಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಯಾಕೆ ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ.

ನಾವು ಪೈಥಾನ್‌ನ ಜ್ಯಾಂಗೊ ಅನ್ನುವ ಫ್ರೇಮ್‌ವರ್ಕ್, ಅಂದರೆ ವೆಬ್ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು, ಬಳಸುತ್ತೇವೆ. ಅದರಲ್ಲಿ ಡೇಟಾಬೇಸಿನ ಟೇಬಲ್ ಬದಲಾದಾಗಲೆಲ್ಲ ಒಂದು ಮೈಗ್ರೇಷನ್ ಫೈಲ್ ಹುಟ್ಟುತ್ತದೆ, ಅದಕ್ಕೆ ಒಂದು ಕ್ರಮಸಂಖ್ಯೆ. ಮಂಡ್ಯದವಳು ಹಮಾಲಿ ಕೂಲಿಗೆ ಒಂದು ಕಾಲಂ ಸೇರಿಸಿದಳು. ಅವಳ ಫೈಲ್ 0007. ಅದೇ ವಾರ ನಾನು ಗಾಡಿ ನಂಬರಿಗೆ ಒಂದು ಕಾಲಂ ಸೇರಿಸಿದೆ. ನನ್ನದೂ 0007. ಇಬ್ಬರ ಬ್ರಾಂಚೂ ಮೂರು ವಾರ ಹಾಗೇ ಬೆಳೆದವು. ನಾನು 0009ಕ್ಕೆ ಹೋದೆ, ಅವಳು 0010ಕ್ಕೆ. ಫೈಲಿನ ಹೆಸರು ಬೇರೆ ಬೇರೆ ಇದ್ದದ್ದರಿಂದ ಗಿಟ್ ಏನೂ ತಕರಾರು ಮಾಡಲಿಲ್ಲ, ನಗುನಗುತ್ತಾ ಸೇರಿಸಿತು. ತಕರಾರು ಎತ್ತಿದ್ದು ಜ್ಯಾಂಗೊ. ಸರದಿಗೆ ಎರಡು ತುದಿ ಇವೆ, ಯಾವುದನ್ನು ಹಿಡಿಯಲಿ ಅಂತ ನಿಂತುಬಿಟ್ಟಿತು.

ಬರೀ ಒಂದೊಂದು ಫೈಲ್ ಇದ್ದಿದ್ದರೆ ಜ್ಯಾಂಗೊದಲ್ಲೇ ಮರ್ಜ್ ಮಾಡುವ ಆಜ್ಞೆ ಇದೆ, ಎರಡು ನಿಮಿಷದ ಕೆಲಸ. ಆದರೆ ಮೂರು ವಾರದಲ್ಲಿ ಇಬ್ಬರೂ ಒಂದೇ ಟೇಬಲಿನ ಒಂದೇ ಕಾಲಂಗೆ ಬೇರೆ ಬೇರೆ ಹೆಸರು ಇಟ್ಟಿದ್ದೆವು. ನಾನು ಅದಕ್ಕೆ "ತೂಕ" ಅಂದಿದ್ದೆ. ಅವಳು ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಅಂತ ಎರಡು ಮಾಡಿದ್ದಳು. ಅವಳದೇ ಸರಿ. ವೇಬ್ರಿಡ್ಜ್ ಮೇಲೆ ಗಾಡಿ ಎರಡು ಸಲ ನಿಲ್ಲುತ್ತದೆ ಅನ್ನುವುದು ಮೈಸೂರಿನಲ್ಲಿ ಕೂತ ನನಗೆ ಹೊಳೆದೇ ಇರಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ಬಿಡಿಸಿದೆವು.

ಬ್ರಾಂಚ್ ಎರಡು ದಿನದ್ದಾಗಿದ್ದರೆ ಇದು ಎರಡನೇ ದಿನವೇ ಗೊತ್ತಾಗುತ್ತಿತ್ತು. ಹಳೇ ಬ್ರಾಂಚ್‌ನಲ್ಲಿ ಏನು ಬರೆದೆ, ಯಾಕೆ ಬರೆದೆ ಅನ್ನುವುದು ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ಆ ವಾರ ಪರೀಕ್ಷೆಗೋ ಮದುವೆಗೋ ಹೋದರೆ, ಸೇರಿಸುವವರ ಗತಿ?

ಗಿಟ್ ಫ್ಲೋ ಯಾವಾಗ ಬೇಕು ಅಂತ ಕೇಳಿದರೆ, ಒಂದೇ ಸಾಫ್ಟ್‌ವೇರಿನ ಹಳೇ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ಗ್ರಾಹಕರು ಬಳಸುತ್ತಿದ್ದಾಗ ಬೇಕು. ಫೋನಿಗೆ ಇಳಿಸುವ ಆ್ಯಪ್, ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್ ತರಹದ್ದು. ವೆಬ್ ಆ್ಯಪ್‌ನಲ್ಲಿ ಇರುವುದು ಒಂದೇ ಆವೃತ್ತಿ, ಈಗ ಸರ್ವರ್‌ನಲ್ಲಿ ಓಡುತ್ತಿರುವುದು.

ಕೆಲಸದ ಪಟ್ಟಿ

ಎಲ್ಲರೂ ವಾಟ್ಸಾಪ್ ಗುಂಪಿನಿಂದ ಶುರು ಮಾಡುತ್ತಾರೆ, ನಾವೂ ಹಾಗೇ. ಅದು ಕೆಟ್ಟದ್ದಲ್ಲ. "ಸರ್ವರ್ ಬಿದ್ದಿದೆ" ಅಂತ ಹೇಳುವುದಕ್ಕೆ ಅದರಷ್ಟು ಬೇಗ ಮುಟ್ಟುವುದು ಬೇರೆ ಇಲ್ಲ. ಆದರೆ ಕೆಲಸ ನೆನಪಿಡುವುದಕ್ಕೆ ಅದು ಆಗಿಬರುವುದಿಲ್ಲ. ಆಲೆಮನೆ ಯಜಮಾನರು ಕಳಿಸಿದ "ರಸೀದಿಯಲ್ಲಿ ಊರಿನ ಹೆಸರು ಬರ್ತಿಲ್ಲ" ಅನ್ನುವ ವಾಯ್ಸ್ ಮೆಸೇಜು, ಒಂದು ಹುಟ್ಟುಹಬ್ಬದ ನಲವತ್ತು ಶುಭಾಶಯಗಳ ಕೆಳಗೆ ಹೂತುಹೋಯಿತು. ಸ್ಲ್ಯಾಕ್ ಅನ್ನುವ ಚಾಟ್ ಆ್ಯಪ್‌ಗೆ ಹೋದರೆ ಚಾನೆಲ್ ಬೇರೆ ಬೇರೆ ಇರುತ್ತವೆ, ಆದರೆ ಪುಕ್ಕಟೆ ಪ್ಲಾನಿನಲ್ಲಿ ಹಿಂದಿನ 90 ದಿನದ ಮಾತು ಮಾತ್ರ ಕಾಣುತ್ತದೆ. ಒಂದು ನಿರ್ಧಾರ ಯಾಕೆ ತೆಗೆದುಕೊಂಡೆವು ಅಂತ ಆರು ತಿಂಗಳ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಟ್ರೆಲ್ಲೊ ನೋಡುವುದಕ್ಕೆ ಚೆಂದ. ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಅಂತ ಕಾರ್ಡ್ ಎಳೆದು ಎಳೆದು ಹಾಕಬಹುದು. ಕೋಡ್ ಬರೆಯದವರು ತಂಡದಲ್ಲಿದ್ದರೆ, ಅಂದರೆ ಡಿಸೈನ್ ಮಾಡುವವರು, ಗ್ರಾಹಕರ ಕಡೆಯವರು ಇದ್ದರೆ, ಅದನ್ನೇ ತೆಗೆದುಕೊಳ್ಳಿ. ಎಲ್ಲರೂ ಕೋಡ್ ಬರೆಯುವವರೇ ಆದರೆ ಗಿಟ್‌ಹಬ್ ಇಶ್ಯೂ ಸಾಕು, ಅಂದರೆ ರೆಪೋದಲ್ಲೇ ಇರುವ ಕೆಲಸದ ಚೀಟಿಗಳು. ಪುಲ್ ರಿಕ್ವೆಸ್ಟಿನ ವಿವರದಲ್ಲಿ ಇಶ್ಯೂ ನಂಬರನ್ನು "Closes" ಅನ್ನುವ ಪದದ ಜೊತೆ ಬರೆದರೆ, ಕೋಡ್ ಮೇನ್‌ಗೆ ಸೇರಿದಾಗ ಇಶ್ಯೂ ತಾನಾಗೇ ಮುಚ್ಚುತ್ತದೆ. ಎರಡು ಕಡೆ ಗುರುತು ಹಾಕುವ ಕೆಲಸ ಇಲ್ಲ. ದೊಡ್ಡ ತಂಡಗಳು ಬಳಸುವ ಜಿರಾ? ನಾಲ್ಕು ಜನಕ್ಕೆ ಜಿರಾ ಅಂದರೆ ಸೈಕಲ್ಲಿಗೆ ಲಾರಿ ಚಕ್ರ ಹಾಕಿದ ಹಾಗೆ.

ಇಶ್ಯೂವನ್ನು ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ. ನಮ್ಮ ತಂಡದಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಎರಡೇ ಪದದಲ್ಲಿ ಮುಗಿಸುತ್ತಿದ್ದವರು, ಕನ್ನಡಕ್ಕೆ ಬಂದ ಮೇಲೆ ಯಾವ ಪುಟ, ಯಾವ ಬಟನ್, ಏನಾಯಿತು, ಏನಾಗಬೇಕಿತ್ತು ಅಂತ ಪೂರ್ತಿ ಬರೆಯತೊಡಗಿದರು.

ಫ್ರೇಮ್‌ವರ್ಕ್

ಜ್ಯಾಂಗೊ, ಲಾರಾವೆಲ್, ನೋಡ್ ಮತ್ತು ಎಕ್ಸ್‌ಪ್ರೆಸ್. ಫಾರಂ ತುಂಬಿಸಿ, ಪಟ್ಟಿ ತೋರಿಸಿ, ರಸೀದಿ ಮುದ್ರಿಸುವ ಆ್ಯಪ್‌ಗೆ ಮೂರೂ ನಡೆಯುತ್ತವೆ. ತಂಡದಲ್ಲಿ ಕನಿಷ್ಠ ಇಬ್ಬರಿಗೆ ಯಾವುದು ಚೆನ್ನಾಗಿ ಗೊತ್ತೋ ಅದು. ಒಬ್ಬನಿಗೆ ಮಾತ್ರ ಗೊತ್ತಿರುವುದು ಎಷ್ಟೇ ಚೆನ್ನಾಗಿದ್ದರೂ ಬೇಡ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಜ್ಯಾಂಗೊ ಜೊತೆಗೆ ಅಡ್ಮಿನ್ ಪುಟ ಸಿದ್ಧವಾಗಿಯೇ ಬರುತ್ತದೆ. ಯಜಮಾನರ ಮಗ ಮೊದಲ ತಿಂಗಳು ಅದನ್ನೇ ಬಳಸಿದ. ಎಕ್ಸ್‌ಪ್ರೆಸ್‌ನಲ್ಲಿ ಅಂಥದ್ದನ್ನೆಲ್ಲ ನೀವೇ ಕೂಡಿಸಿಕೊಳ್ಳಬೇಕು, ಹಾಗಾಗಿ ಪ್ರತಿ ತಂಡದ ಎಕ್ಸ್‌ಪ್ರೆಸ್ ಪ್ರಾಜೆಕ್ಟೂ ಬೇರೆ ಬೇರೆ ಥರ ಇರುತ್ತದೆ. ಹೊಸಬರು ಬಂದಾಗ ಮನೆಯ ನಕ್ಷೆಯನ್ನು ಮೊದಲಿಂದ ಹೇಳಿಕೊಡಬೇಕು.

ಡೇಟಾಬೇಸ್, ಮತ್ತು ಕನ್ನಡದ ಹೆಸರುಗಳು

ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಅಂದರೆ ಒಂದೇ ಫೈಲ್. ಬೇರೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಬ್ಯಾಕಪ್ ಅಂದರೂ ಆ ಒಂದು ಫೈಲಿನ ನಕಲೇ. ಒಂದು ಹೊತ್ತಿಗೆ ಒಬ್ಬರು ಮಾತ್ರ ಬರೆಯಬಹುದು ಅನ್ನುವುದು ಅದರ ಮಿತಿ. ಓದುವವರು ಎಷ್ಟು ಜನ ಇದ್ದರೂ ಪರವಾಗಿಲ್ಲ. ಒಂದೇ ಅಂಗಡಿ, ಇಬ್ಬರು ಗುಮಾಸ್ತರು ಬಳಸುವ ಆ್ಯಪ್‌ಗೆ ಅದು ಸಾಕು ಅಂದರೆ ಕೆಲವರು ನಗುತ್ತಾರೆ. ನಗಲಿ.

ಆದರೂ ನಾವು ಲ್ಯಾಪ್‌ಟಾಪ್‌ನಲ್ಲೂ ಸರ್ವರ್‌ನಲ್ಲೂ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿಗೆ ಹೋದೆವು. ಕಾರಣ ವೇಗ ಅಲ್ಲ. ಮೊದಲು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟುಕೊಂಡಿದ್ದೆವು. ಎಸ್‌ಕ್ಯೂಲೈಟ್ ಉದಾರಿ, ಕಾಲಂಗೆ ಇಷ್ಟೇ ಅಕ್ಷರ ಅಂತ ಹೇಳಿದ್ದರೂ ಜಾಸ್ತಿ ಬಂದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ತಡೆಯುತ್ತದೆ. ಹೆಸರಿಗೆ 20 ಅಂತ ಇಟ್ಟಿದ್ದೆವು. "ಕೃಷ್ಣೇಗೌಡ" ಅನ್ನುವ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು. ಸ್ವರಚಿಹ್ನೆಗೆ ಒಂದು, ಒತ್ತಕ್ಷರ ಕೂಡಿಸುವ ಹಲಂತಕ್ಕೆ ಒಂದು ಅಂತ ಎಣಿಸುತ್ತದೆ. ಹೆಸರಿನ ಜೊತೆ ತಂದೆಯ ಹೆಸರನ್ನೂ ಸೇರಿಸಿ ಬರೆಯುವ ನಮ್ಮ ಕಡೆ 20 ಎಲ್ಲಿ ಸಾಲುತ್ತದೆ? ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಸರ್ವರ್‌ನಲ್ಲಿ ತಪ್ಪು. ಇಂಥದ್ದನ್ನು ಹುಡುಕುವುದು ಬಲು ಕಷ್ಟ. ಯಾವುದನ್ನಾದರೂ ಆರಿಸಿ, ಆದರೆ ಎರಡೂ ಕಡೆ ಅದೇ ಇರಲಿ.

ಇನ್ನೊಂದು ಮಾತು. ಹಳೇ ಲೆಕ್ಕ ಕಂಪ್ಯೂಟರಿನಲ್ಲಿ ಇದೆ ಅಂತ ಕೊಟ್ಟರೆ ಹಿಗ್ಗಬೇಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಅದು ಯೂನಿಕೋಡ್ ಅಲ್ಲ. ಹಾಗೇ ಎತ್ತಿ ಹಾಕಿದರೆ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಚಿಹ್ನೆಗಳ ರಾಶಿ ಬೀಳುತ್ತದೆ. ಪರಿವರ್ತಕಗಳಿವೆ, ಆದರೆ ಪರಿವರ್ತನೆ ಆದ ಮೇಲೆ ಊರಿನವರೊಬ್ಬರು ಕೂತು ಹೆಸರುಗಳನ್ನು ಓದಲೇಬೇಕು. ಈ ಕೆಲಸ ಯಜಮಾನರೇ ಮಾಡಿದರು. "ಇವ್ನು ನಮ್ ಚಿಕ್ಕಣ್ಣನ್ ಮಗ ಕಣ್ರಪ್ಪ, ಇದ್ಯಾರು ಹಿಂಗ್ ಬರ್ದವ್ರು?" ಅಂತ ಒಂದೊಂದೇ ತಿದ್ದಿಸಿದರು.

ಎಲ್ಲಿ ಓಡಿಸೋದು?

ಆ್ಯಪ್ ಓಡಿಸುವುದಕ್ಕೆ ಮೂರು ದಾರಿ ಇವೆ. ನಾವು ಮೂರನ್ನೂ ಮಾಡಿ ನೋಡಿದ್ದೇವೆ, ಹಾಗಾಗಿ ಹೇಳುವುದು ತುಂಬಾ ಇದೆ.

ಮೊದಲು ಮಾಡಿದ ಮೂರ್ಖತನ, ಆಲೆಮನೆಯ ಕಚೇರಿಯಲ್ಲೇ ಒಂದು ಹಳೇ ಕಂಪ್ಯೂಟರ್ ಇಟ್ಟು ಅದನ್ನೇ ಸರ್ವರ್ ಮಾಡಿದ್ದು. ಬಾಡಿಗೆ ಇಲ್ಲ, ಇಂಟರ್ನೆಟ್ ಹೋದರೂ ಒಳಗಿನ ವೈಫೈನಲ್ಲಿ ಓಡುತ್ತದೆ ಅನ್ನುವುದು ನಮ್ಮ ವಾದ. ವಾದ ಸರಿಯೇ. ಆದರೆ ಕರೆಂಟ್ ಹೋದಾಗ? ಯುಪಿಎಸ್ ಅರ್ಧ ಗಂಟೆ ತಡೆಯಿತು. ಕರೆಂಟ್ ಬರುವುದಕ್ಕೆ ಎರಡು ಗಂಟೆ. ಬಂದ ಮೇಲೆ ಕಂಪ್ಯೂಟರ್ ತಾನಾಗೇ ಆನ್ ಆಯಿತು, ಆ್ಯಪ್ ಆಗಲಿಲ್ಲ. ಅದನ್ನು ಕೈಯಲ್ಲೇ ಶುರು ಮಾಡಬೇಕಿತ್ತು. ಯಜಮಾನರ ಫೋನ್. "ಯಾಕ್ ಸಾಮಿ, ನಿಮ್ ಕಂಪ್ಯೂಟ್ರು ಮಲಗ್ಬುಡ್ತಾ?" ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಒಂದು ಆಜ್ಞೆ ಟೈಪ್ ಮಾಡುವುದಕ್ಕೆ ರೈಲು ಹತ್ತಿ ಹೋಗಿ ಬಂದೆ. ಕಬ್ಬಿನ ಸಿಪ್ಪೆಯ ಧೂಳು, ಕೊಪ್ಪರಿಗೆಯ ಹಬೆ, ಇವೆರಡರ ನಡುವೆ ಆ ಕಂಪ್ಯೂಟರಿನ ಫ್ಯಾನೂ ಜಾಸ್ತಿ ದಿನ ಬಾಳಲಿಲ್ಲ.

ಎರಡನೆಯ ದಾರಿ, ಕೋಡ್ ಕೊಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುವ ಸೇವೆಗಳು. ಮೊದಲು ಎಲ್ಲರೂ ಹೆರೋಕು ಅನ್ನುತ್ತಿದ್ದರು. ಅವರು 2022ರ ನವೆಂಬರ್‌ನಲ್ಲಿ ಪುಕ್ಕಟೆ ಪ್ಲಾನ್ ನಿಲ್ಲಿಸಿದರು. ಹಳೇ ಪಾಠಗಳಲ್ಲಿ ಅದನ್ನೇ ಹೇಳಿದ್ದರೆ ನಂಬಿ ಕೂರಬೇಡಿ. ರೆಂಡರ್‌ನಲ್ಲಿ ಪುಕ್ಕಟೆ ಪ್ಲಾನ್ ಇದೆ, ಮೇನ್‌ಗೆ ಕೋಡ್ ಸೇರಿದರೆ ಸರ್ವರ್‌ಗೂ ತಾನಾಗೇ ಹೋಗುತ್ತದೆ. ಆದರೆ ಅದರ ನಿಯಮ ಓದಿಕೊಳ್ಳಿ. ಪುಕ್ಕಟೆ ಆ್ಯಪ್‌ಗೆ 15 ನಿಮಿಷ ಯಾರೂ ಬರದಿದ್ದರೆ ಅದನ್ನು ನಿಲ್ಲಿಸುತ್ತಾರೆ, ಮುಂದಿನವರು ಬಂದಾಗ ಏಳುವುದಕ್ಕೆ ಒಂದು ನಿಮಿಷದಷ್ಟು ಹಿಡಿಯುತ್ತದೆ. ಪುಕ್ಕಟೆ ಪೋಸ್ಟ್‌ಗ್ರೆಸ್‌ಗೆ 30 ದಿನದ ಆಯಸ್ಸು. ಎಕ್ಸಾಮಿನರ್ ಮುಂದೆ ತೋರಿಸುವ ಪ್ರಾಜೆಕ್ಟ್‌ಗೆ ಇದು ಸಾಕು, ಐದು ನಿಮಿಷ ಮೊದಲೇ ಒಂದು ಸಲ ತೆರೆದಿಟ್ಟುಕೊಳ್ಳಿ ಅಷ್ಟೇ. ನಿಜವಾದ ಲೆಕ್ಕಕ್ಕೆ ದುಡ್ಡು ಕೊಡುವ ಪ್ಲಾನ್ ಬೇಕೇ ಬೇಕು. ವರ್ಸೆಲ್ ಇನ್ನೂ ಸಲೀಸು, ರಿಯಾಕ್ಟ್ ಥರದ ಮುಂಭಾಗಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದರ ಪುಕ್ಕಟೆ ಹಾಬಿ ಪ್ಲಾನ್ ವ್ಯಾಪಾರಕ್ಕಲ್ಲ ಅಂತ ಅವರೇ ಬರೆದಿದ್ದಾರೆ. ಆಲೆಮನೆಯಿಂದ ನೀವು ಒಂದು ಸಾವಿರ ರೂಪಾಯಿ ತೆಗೆದುಕೊಂಡರೂ ಅದು ವ್ಯಾಪಾರವೇ.

ಮೂರನೆಯದು ವಿಪಿಎಸ್. ತಿಂಗಳ ಬಾಡಿಗೆಗೆ ಒಂದು ಖಾಲಿ ಲಿನಕ್ಸ್ ಯಂತ್ರ. ಡಿಜಿಟಲ್ ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ, ಅಮೆಜಾನ್‌ನದು ಮುಂಬೈನಲ್ಲಿ 2016ರಿಂದ ಇದೆ. 1 ಜಿಬಿ ಮೆಮೊರಿಯ ಸಣ್ಣ ಯಂತ್ರಕ್ಕೆ ತಿಂಗಳಿಗೆ 6 ಡಾಲರ್ ಆಸುಪಾಸು, ಮೇಲೆ 18% ಜಿಎಸ್‌ಟಿ. ಬೆಂಗಳೂರಿನಲ್ಲಿ ಇದ್ದರೆ ಮಂಡ್ಯಕ್ಕೆ ವೇಗ ಅಂತ ಕೆಲವರು ಅದಕ್ಕಾಗಿಯೇ ಆರಿಸುತ್ತಾರೆ. ಫಾರಂ ತುಂಬುವ ಆ್ಯಪ್‌ನಲ್ಲಿ ಸಿಂಗಪುರಕ್ಕೂ ಬೆಂಗಳೂರಿಗೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಅದೊಂದೇ ಕಾರಣಕ್ಕೆ ಆರಿಸಬೇಡಿ.

ವಿಪಿಎಸ್‌ನ ನಿಜವಾದ ಬೆಲೆ ಡಾಲರಿನಲ್ಲಿಲ್ಲ. ಭದ್ರತೆಯ ಅಪ್‌ಡೇಟ್, ಫೈರ್‌ವಾಲ್, ಡಿಸ್ಕ್ ತುಂಬಿದೆಯಾ ಅಂತ ನೋಡುವುದು, ಸೈಟು ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ಟಿಫಿಕೇಟ್ ಅವಧಿ ಮುಗಿಯುವ ಮೊದಲೇ ತಾನಾಗೇ ನವೀಕರಣ ಆಗುತ್ತಿದೆಯಾ ಅಂತ ಗಮನಿಸುವುದು, ಇದೆಲ್ಲ ನಿಮ್ಮ ತಲೆಗೇ. ಇದರಲ್ಲಿ ಆಸಕ್ತಿ ಇರುವವರು ತಂಡದಲ್ಲಿ ಒಬ್ಬರೇ ಇದ್ದರೆ ಅವರು ಎರಡು ತಿಂಗಳಲ್ಲಿ ಪೂರ್ತಿ ಸರ್ವರ್ ಆಗಿಬಿಡುತ್ತಾರೆ. ನಮ್ಮ ಮೇಲುಕೋಟೆಯವನಿಗೆ ಆದದ್ದು ಅದೇ. ತಪ್ಪು ಅವನದಲ್ಲ, ಕಲಿಯೋಣ ಅಂತ ನಾವು ಮೂವರು ಹತ್ತಿರವೇ ಹೋಗಲಿಲ್ಲ.

ಹಾಗಾಗಿ ನನ್ನ ತೀರ್ಪು ಹೀಗೆ. ಲಿನಕ್ಸ್ ಸರ್ವರ್ ನೋಡಿಕೊಳ್ಳಬಲ್ಲವರು ಇಬ್ಬರಿದ್ದರೆ ವಿಪಿಎಸ್, ಅಗ್ಗ, ಕೈಯಲ್ಲಿ ಹಿಡಿತ ಜಾಸ್ತಿ. ಒಬ್ಬರೇ ಇದ್ದರೆ, ತಿಂಗಳಿಗೆ ನಾಲ್ಕೈದು ನೂರು ಜಾಸ್ತಿ ಹೋದರೂ ಸರ್ವರನ್ನು ಕಂಪನಿಯವರೇ ನೋಡಿಕೊಳ್ಳುವ ಎರಡನೆಯ ದಾರಿ. ನಾವು ವಿಪಿಎಸ್‌ನಲ್ಲೇ ಉಳಿದೆವು, ಆದರೆ ಸರ್ವರ್‌ಗೆ ಹಾಕುವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದು ಗಿಟ್‌ಹಬ್ ಆ್ಯಕ್ಷನ್ಸ್‌ಗೆ ಕೊಟ್ಟೆವು. ಕೀ ಈಗ ಯಾರ ಲ್ಯಾಪ್‌ಟಾಪ್‌ನಲ್ಲೂ ಇಲ್ಲ, ಗುಟ್ಟು ಇಡುವುದಕ್ಕೆಂದೇ ರೆಪೋದಲ್ಲಿರುವ ಸೀಕ್ರೆಟ್ಸ್‌ನಲ್ಲಿದೆ. ಮೇನ್‌ಗೆ ಸೇರಿದರೆ ಟೆಸ್ಟ್ ಓಡುತ್ತದೆ, ಪಾಸಾದರೆ ಸರ್ವರ್‌ಗೆ ಹೋಗುತ್ತದೆ. ಕೆಟ್ಟರೆ ಹಳೆಯದಕ್ಕೆ ವಾಪಸ್ ಹೋಗುವುದೂ ಅದೇ ದಾರಿ. ಕೆಡಿಸಿದ ಪುಲ್ ರಿಕ್ವೆಸ್ಟಿನ ಪುಟದಲ್ಲಿ ರಿವರ್ಟ್ ಬಟನ್ ಒತ್ತಿ, ಹುಟ್ಟುವ ಹೊಸ ಪುಲ್ ರಿಕ್ವೆಸ್ಟನ್ನು ಸೇರಿಸಿದರಾಯಿತು. ಫೋನಿನ ಬ್ರೌಸರಿನಲ್ಲೂ ಆಗುತ್ತದೆ. ಒಂದು ಎಚ್ಚರಿಕೆ. ರಿವರ್ಟ್‌ನಿಂದ ಕೋಡ್ ವಾಪಸ್ ಬರುತ್ತದೆ, ಡೇಟಾಬೇಸ್ ಬರುವುದಿಲ್ಲ. ಕಾಲಂ ಅಳಿಸುವ ಮೈಗ್ರೇಷನ್ ಇದ್ದರೆ ಅದನ್ನು ಬೇರೆಯಾಗಿ, ಕೋಡ್ ಬದಲಾಗಿ ಒಂದು ವಾರ ಆದ ಮೇಲೆ ಹಾಕಿ.

ಖಾತೆ ಯಾರ ಹೆಸರಲ್ಲಿದೆ?

ಇದನ್ನು ಯಾರೂ ಹೋಲಿಸಿ ನೋಡುವುದಿಲ್ಲ, ಆದರೆ ಕೈಕೊಡುವುದು ಇದೇ. ಡೊಮೇನ್ (ಸೈಟಿನ ವಿಳಾಸ), ಸರ್ವರ್, ಬ್ಯಾಕಪ್ ಇಡುವ ಜಾಗ, ಈ ಮೂರೂ ಒಬ್ಬರ ಸ್ವಂತ ಜಿಮೇಲ್‌ಗೆ ಅಂಟಿಕೊಂಡಿರುತ್ತವೆ. ಎರಡು ದಾರಿ ಇವೆ. ತಂಡಕ್ಕೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡನ್ನು ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಬ್ಬರು ಹಂಚಿಕೊಳ್ಳುವುದು ಒಂದು. ಖಾತೆಯನ್ನು ಗ್ರಾಹಕರ ಹೆಸರಲ್ಲೇ ತೆರೆಸಿ, ನಾವು ಸದಸ್ಯರಾಗಿ ಸೇರುವುದು ಇನ್ನೊಂದು. ದುಡ್ಡು ಕೊಡುವ ಗ್ರಾಹಕರಿದ್ದರೆ ಎರಡನೆಯದೇ ಸರಿ. ಆ್ಯಪ್ ಅವರದು, ರೈತರ ಫೋನ್ ನಂಬರು, ಬ್ಯಾಂಕ್ ಖಾತೆಯ ವಿವರ ಎಲ್ಲ ಅದರಲ್ಲಿದೆ. ನಾಳೆ ನಮ್ಮ ತಂಡ ಒಡೆದರೂ ಅವರ ಲೆಕ್ಕ ನಿಲ್ಲಬಾರದಲ್ವಾ?

ಬಿಲ್ ಕಟ್ಟುವ ಕಾರ್ಡಿನ ವಿಷಯವೂ ಅಷ್ಟೇ. 2021ರ ಅಕ್ಟೋಬರಿನಿಂದ ತಿಂಗಳು ತಿಂಗಳು ತಾನಾಗೇ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಮೊದಲೇ ಒಪ್ಪಿಗೆ ಕೊಡಬೇಕು ಅನ್ನುವ) ನಿಯಮ ಬಂದಿದೆ. ಹೊರದೇಶದ ಸೇವೆಗಳಿಗೆ ನಮ್ಮ ಕಾರ್ಡಿನಿಂದ ಆಟೋಪೇ ಆಗದೇ ಹೋಗುವುದುಂಟು. ಬಾಕಿಯ ಇಮೇಲ್ ಬರುವುದು ಖಾತೆ ತೆರೆದವರಿಗೆ ಮಾತ್ರ. ಆ ಇಮೇಲ್ ಇಬ್ಬರಿಗೆ ಹೋಗುವ ಹಾಗೆ ಇವತ್ತೇ ಫಾರ್ವರ್ಡ್ ಹಾಕಿಡಿ.

ಪಾಸ್‌ವರ್ಡ್, ಕೀ ಇರುವ ಫೈಲನ್ನು ಅಪ್ಪಿತಪ್ಪಿ ರೆಪೋಗೆ ಹಾಕಿದ್ದೀರಾ? ಅಳಿಸಿ ಇನ್ನೊಂದು ಕಮಿಟ್ ಮಾಡಿದರೆ, ಅಂದರೆ ಆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದರೆ, ಹೋಗುವುದಿಲ್ಲ, ಗಿಟ್ ಎಲ್ಲ ನೆನಪಿಡುತ್ತದೆ. ಮೊದಲು ಆ ಕೀ ಬದಲಾಯಿಸಿ, ಇತಿಹಾಸ ಸ್ವಚ್ಛ ಮಾಡುವುದು ಆಮೇಲೆ.

ಇನ್ನು ಬ್ಯಾಕಪ್. ರಾತ್ರಿ ಎರಡಕ್ಕೆ ಡೇಟಾಬೇಸಿನ ನಕಲು ಬೇರೆ ಕಡೆಗೆ ಹೋಗುವ ಹಾಗೆ ಮಾಡುವುದು ಎಲ್ಲರಿಗೂ ಗೊತ್ತು. ವಾಪಸ್ ತುಂಬಿಸಿ ನೋಡಿದವರು ಎಷ್ಟು ಜನ? ನಾವು ತಿಂಗಳ ಮೊದಲ ಶನಿವಾರ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ತುಂಬಿಸಿ, ಹಿಂದಿನ ದಿನದ ಕಬ್ಬಿನ ಒಟ್ಟು ತೂಕ ಯಜಮಾನರ ಪುಸ್ತಕದ ಜೊತೆ ತಾಳೆಯಾಗುತ್ತಾ ಅಂತ ನೋಡುತ್ತೇವೆ, ನೋಡಿದ ಮೇಲೆ ಆ ನಕಲನ್ನು ಅಳಿಸುತ್ತೇವೆ. ಸರದಿಯ ಮೇಲೆ, ಪ್ರತಿ ತಿಂಗಳು ಬೇರೆಯವರು. ಹೌದು, ಯಜಮಾನರು ಇನ್ನೂ ಪುಸ್ತಕ ಬರೆಯುತ್ತಾರೆ. ಬೇಡ ಅಂತ ನಾವೂ ಹೇಳಿಲ್ಲ.